ಮೂರಕ್ಷರದ ಲೆಕ್ಕ

ಸ್ನಾಯುಕ್ಷಯದ ಸಂಶೋಧನೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದು, ನಿವೃತ್ತನಾಗಿ ಹಾಸನಕ್ಕೆ ಮರಳಿದ ಮೇಲೆ, ಅಷ್ಟು ಕಾಲ ಮಾಡಿದ್ದೇನು ಎಂದು ಕೇಳಿದವರಿಗೆ ನೆಟ್ಟಗೆ ಉತ್ತರ ಹೇಳಲು ನನಗೆ ಬರುತ್ತಿರಲಿಲ್ಲ. ಇಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ., ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ., ಬೆಂಗಳೂರಿನಲ್ಲಿ ಪಿಎಚ್.ಡಿ., ಆಮೇಲೆ ಕೆಲವು ವರ್ಷ ವಿದೇಶ: ಬಯೋಡೇಟಾ ಇಷ್ಟೇ. ಕೆಲಸ ಕಲಿತ ಬಗೆ ಅದರಲ್ಲಿ ಕಾಣುವುದಿಲ್ಲ.

ಪಿಎಚ್.ಡಿ.ಯ ಮೊದಲ ವರ್ಷದಲ್ಲಿ ಬಯಾಪ್ಸಿಯ ಸ್ನಾಯುತುಣುಕನ್ನು ಶೈತ್ಯೀಕರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಕೈಯಲ್ಲಿರುವಾಗ ನಡುವೆ, ಅದರಲ್ಲಿ ತಣ್ಣಗಾಗಿಸಿ ಬಳಸುವ ಐಸೊಪೆಂಟೇನ್ ಎಂಬ ದ್ರವ ಏಕೆ ಎಂದುಕೊಂಡು, ತುಣುಕನ್ನು ನೇರವಾಗಿ ಸಾರಜನಕಕ್ಕೇ ಇಳಿಸಿದೆ. ಬೆಚ್ಚಗಿನ ತುಣುಕು ತಾಗಿದೊಡನೆ ಸಾರಜನಕ ಕುದಿದು ಸುತ್ತ ಅನಿಲದ ಹೊದಿಕೆ ಕಟ್ಟಿತು. ಆ ಹೊದಿಕೆಯೊಳಗೆ ಸ್ನಾಯು ನಿಧಾನವಾಗಿ ಹೆಪ್ಪುಗಟ್ಟಿ, ಎಳೆಎಳೆಯಲ್ಲೂ ಮಂಜಿನ ಹರಳುಗಳು ಬೆಳೆದವು. ಹತ್ತು ಮೈಕ್ರಾನಿನ ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಸ್ನಾಯುವಿನ ಬದಲು ಜರಡಿ ಕಂಡಿತು. ಫ್ರೀಜರಿನಲ್ಲಿಟ್ಟು ತೆಗೆದ ಆಲೂಗಡ್ಡೆ ನೀರೊಡೆದು ಮೆತ್ತಗಾಗುವುದಕ್ಕೂ ಕಾರಣ ಈ ಹರಳುಗಳೇ. ಆಲೂಗಡ್ಡೆ ಬೆಳೆಯುವ ಜಿಲ್ಲೆಯಿಂದ ಹೋದವನಿಗೆ ಅದು ಹೊಳೆಯದೇ ಹೋಯಿತು. ಮಗುವೊಂದರ ತೊಡೆಯಿಂದ ತೆಗೆದ ತುಣುಕು ಅದು ಎಂಬುದು ಇವತ್ತಿಗೂ ಚುಚ್ಚುತ್ತದೆ.

ನಾನು ಹೆಚ್ಚು ಕೆಲಸ ಮಾಡಿದ್ದು ಡುಶೆನ್ ಸ್ನಾಯುಕ್ಷಯದ ಮೇಲೆ. ಬಹುಪಾಲು ಗಂಡುಮಕ್ಕಳಿಗೇ ಬರುವ ಈ ಕಾಯಿಲೆಯಲ್ಲಿ ಮಗು ಮೂರು–ನಾಲ್ಕು ವರ್ಷಕ್ಕೆ ಪದೇಪದೇ ಬೀಳತೊಡಗುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿಕೊಂಡು ಮೇಲೇರುತ್ತದೆ. ಮೀನಖಂಡ ಮಾತ್ರ ಪೈಲ್ವಾನನದರಂತೆ ದಪ್ಪಗಿರುವುದರಿಂದ ಮನೆಯವರು ಮೋಸಹೋಗುತ್ತಾರೆ. ಸ್ನಾಯುವಿನ ಎಳೆಗೆ ಒಳಗಿನಿಂದ ಆಧಾರ ಕೊಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದಿರುವುದು ಇದಕ್ಕೆ ಕಾರಣವೆಂದು 1987ರಲ್ಲಿ ಬಾಸ್ಟನ್ನಿನ ಲೂಯಿ ಕುಂಕೆಲ್ ಅವರ ತಂಡ ತೋರಿಸಿತು. ಅದನ್ನು ತಯಾರಿಸುವ ಸಂದೇಶವಿರುವ ವಂಶವಾಹಿಯಲ್ಲಿ ಎಕ್ಸಾನ್ ಎಂಬ 79 ತುಂಡುಗಳಿವೆ. ಡಿಸ್ಟ್ರೋಫಿನ್ ಇಲ್ಲದ ಎಂಡಿಎಕ್ಸ್ ಇಲಿಗಳನ್ನು ನಾನೂ ವರ್ಷಗಟ್ಟಲೆ ಸಾಕಿದೆ. ಅವು ಬಹಳ ಮಟ್ಟಿಗೆ ಚೇತರಿಸಿಕೊಂಡು ಓಡಾಡಿಕೊಂಡಿರುತ್ತವೆ. ಇಲಿಯಲ್ಲಿ ಗೆದ್ದ ಔಷಧ ಮಗುವಿನಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಕಳೆದ ವರ್ಷ ಅರಸೀಕೆರೆ ಕಡೆಯ ತಾಯಿಯೊಬ್ಬರು, ಅಂಗನವಾಡಿ ಕಾರ್ಯಕರ್ತೆ, ಪರಿಚಿತರ ಮೂಲಕ ಮಗನ ವರದಿ ಹಿಡಿದು ಮನೆಗೆ ಬಂದರು. ನಾನು ವೈದ್ಯನಲ್ಲವೆಂದು ಮೊದಲೇ ಹೇಳಿದೆ. "ಚಿಕಿತ್ಸೆ ಕೇಳೋಕೆ ಬಂದಿಲ್ಲ ಸಾರ್, ಇದರಲ್ಲಿ ಏನು ಬರೆದಿದೆ ಅಂತ ತಿಳಿದುಕೊಳ್ಳಬೇಕು" ಎಂದರು. 50ನೇ ಎಕ್ಸಾನ್ ಅಳಿದಿದೆ ಎಂದಿತ್ತು. ಇಂಗ್ಲಿಷಿನಲ್ಲಿ ನೂರು ಸಲ ಪಾಠ ಮಾಡಿದ ವಿಷಯ ಬಾಯಿಗೆ ಬರಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ "ಅವನು ಮರಳಿ ಮನೆಗೆ ಬಂದನು" ಎಂದು ಬರೆದೆ. ಪ್ರತಿ ಪದಕ್ಕೂ ಮೂರೇ ಅಕ್ಷರ. ಜೀವಕೋಶ ತನ್ನ ಸಂದೇಶವನ್ನು ಓದುವುದೂ ಹೀಗೆ ಮೂರು ಮೂರಾಗಿಯೇ. "ವ" ಹೊಡೆದುಹಾಕಿ ಮತ್ತೆ ಮೂರು ಮೂರಾಗಿ ಓದಿಸಿದೆ: "ಅನುಮ ರಳಿಮ ನೆಗೆಬಂ ದನು." ಅವರು ಅರ್ಧದಲ್ಲೇ ನಿಲ್ಲಿಸಿದರು. ಜೀವಕೋಶವೂ ಹಾಗೆಯೇ ಅರ್ಧಕ್ಕೆ ಬಿಟ್ಟುಬಿಡುತ್ತದೆ ಎಂದೆ. ಆಮೇಲೆ ಉಳಿದ "ಅ", "ನು" ಎರಡನ್ನೂ ಬೆರಳಿನಿಂದ ಮುಚ್ಚಿದೆ. "ಮರಳಿ ಮನೆಗೆ ಬಂದನು" ಎಂದು ಓದಿ, "ಯಾರು ಅಂತ ಗೊತ್ತಾಗಲ್ಲ, ಆದರೆ ಮಾತು ಅರ್ಥ ಆಗುತ್ತೆ" ಎಂದರು. ಪಕ್ಕದ ಎಕ್ಸಾನನ್ನೂ ಹೀಗೆ ಮುಚ್ಚಿ ಓದದಂತೆ ಹಾರಿಸುವ ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಸಮ್ಮೇಳನದಲ್ಲೂ ಕೇಳಿಲ್ಲ.

ಅಳಿದ 50ನೇ ಎಕ್ಸಾನಿನಲ್ಲಿ 109 ಅಕ್ಷರ, ಮುಚ್ಚಬೇಕಾದ 51ರಲ್ಲಿ 233 ಎಂದು ಹೇಳಿದ್ದೇ ತಡ, ಅವರೇ ವರದಿಯ ಬೆನ್ನಿಗೆ ಕೂಡಿಸಿ 342 ಬರೆದು ಮೂರರಿಂದ ಭಾಗಿಸಿದರು. ಶೇಷ ಸೊನ್ನೆ; ಎರಡೂ ಹೋದರೆ ಉಳಿದದ್ದನ್ನು ಮತ್ತೆ ಮೂರು ಮೂರಾಗಿ ಸರಿಯಾಗಿ ಓದಬಹುದು. 51ನ್ನು ಮುಚ್ಚುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆಯೆಂದೂ, ಅದು ಸ್ನಾಯುವಿನಲ್ಲಿ ಮೂಡಿಸುವ ಡಿಸ್ಟ್ರೋಫಿನ್ ತೀರಾ ಅಲ್ಪವೆಂದೂ, ಬೆಲೆ ಹೊಲಮನೆ ಮಾರಿದರೂ ಮುಟ್ಟದ್ದೆಂದೂ ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತೆ ಇದು ನನ್ನ ಕಡೆಯಿಂದಲೇ ಬಂದಿದ್ದು ಅಂತಾರೆ, ಹೌದಾ ಸಾರ್?" ಎಂದರು. ಸುಮಾರು ಮೂರರಲ್ಲೊಂದು ಮಗುವಿನಲ್ಲಿ ಈ ತಪ್ಪು ಹೊಸದಾಗಿಯೇ ಆಗಿರುತ್ತದೆ, ತಾಯಿಯಿಂದ ಬಂದಿದ್ದರೂ ಅದು ಯಾರೂ ಆರಿಸಿಕೊಂಡು ಕೊಡುವಂಥದ್ದಲ್ಲ, ನಿಮ್ಮ ರಕ್ತಪರೀಕ್ಷೆಯಾಗದೆ ಹೌದು ಎನ್ನಲಾಗದು ಎಂದೆ. ನಿಮ್ಹಾನ್ಸ್‌ನ ವೈದ್ಯರು ಬರೆದಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ಅತ್ತೆಯ ಮಾತು ಕೇಳಿ ನಿಲ್ಲಿಸಿದ್ದರಂತೆ. ಹಾಗೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ಇವತ್ತೇ ವೈದ್ಯರಿಗೆ ಫೋನ್ ಮಾಡಿ ಎಂದು ಒತ್ತಿ ಹೇಳಿದೆ. ನಮ್ಮ ಜಗುಲಿಯಲ್ಲೇ ನಿಂತು ಫೋನ್ ಮಾಡಿದರು. ಹೊರಡುವಾಗ ಆ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು, "ಅತ್ತೆಗೂ ಓದಿಸ್ತೀನಿ" ಎಂದರು.