ಬಾಟಲಿ ಹಿಡಿಯುವ ಹಲಗೆ: ಕ್ಯಾಮ್ ಕೊನೆಗೂ ಕಚ್ಚಿತು

ಕಚ್ಚಿತು! ಹೊರಮೈಯೆಲ್ಲ ಎಣ್ಣೆ ಜಿಡ್ಡಾಗಿದ್ದ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯನ್ನು ಹಲಗೆಯ ಮೇಲಿಟ್ಟು, ನನ್ನ ಹೆಂಡತಿ ಮುಚ್ಚಳಕ್ಕೆ ಸುತ್ತಿದ ಪಟ್ಟಿಯ ಹಿಡಿಯನ್ನು ಬಲಗೈಯಿಂದ ಎಳೆದರು. ಮುಚ್ಚಳ ‘ಟಪ್’ ಎಂದು ಬಿಟ್ಟುಕೊಂಡಿತು. ಬಾಟಲಿಯನ್ನು ಹಿಡಿದದ್ದು ಹಲಗೆಯ ಕ್ಯಾಮ್, ಅಂದರೆ ತಿರುಗಿದಂತೆ ಬಿಗಿಯಾಗಿ ಒತ್ತುವ ಮರದ ತುಂಡು. ಎಡಗೈ ಬಾಟಲಿಯನ್ನು ಮುಟ್ಟಲೇ ಇಲ್ಲ. ಮಳೆಗಾಲ ಶುರುವಾದಾಗಿನಿಂದ ನನ್ನ ತಲೆ ತಿಂದಿದ್ದ ಕೆಲಸ ಇದು. ಇದೊಂದು ಹಂತ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು, ಹೇಗೆ ಬಿಡಿಸಿಕೊಂಡಿತು ಎಂಬುದನ್ನು ಮಾತ್ರ ಬರೆಯುತ್ತೇನೆ. ಹಲಸಿನ ಹಲಗೆ ಕೊಯ್ದದ್ದು, ಉಜ್ಜುಗೊರಡು ಹಾಕಿದ್ದು, ಅಡುಗೆಕಟ್ಟೆಯ ಅಂಚಿಗೆ ಸಿಕ್ಕಿಸಲು ಕೆಳಗೆ ಪಟ್ಟಿ ಕೂರಿಸಿದ್ದು ಮರಗೆಲಸ ಬಲ್ಲವರಿಗೆ ಹೊಸದಲ್ಲ.

ಮುಚ್ಚಳ ತೆರೆಯುವ ಸಾಧನಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಕ್ಯಾನ್ವಾಸ್ ಪಟ್ಟಿಯದು, ಹಲ್ಲಿನ ಇಕ್ಕುಳದ್ದು, ರಬ್ಬರ್ ಟೋಪಿಯದು. ಅವೆಲ್ಲವೂ ಮುಚ್ಚಳ ತಿರುಗಿಸುವ ಕೈಗೆ ಮಾತ್ರ ನೆರವಾಗುತ್ತವೆ. ಮುಚ್ಚಳಕ್ಕೆ ಎಷ್ಟು ತಿರುಚುಬಲ ಕೊಡುತ್ತೀರೋ ಅಷ್ಟನ್ನೇ ಬಾಟಲಿಗೆ ಎದುರು ದಿಕ್ಕಿನಲ್ಲಿ ಇನ್ನೊಂದು ಕೈ ಕೊಡಬೇಕು. ಹಿಡಿ ಉದ್ದವಾದರೆ ಬಲಗೈಗೆ ಸುಖ. ಎಡಗೈಯ ಕಷ್ಟ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನನ್ನ ಹೆಂಡತಿಗೆ ನೋವಿರುವುದೇ ಎಡ ಹೆಬ್ಬೆರಳಿನ ಬುಡದ ಕೀಲಿನಲ್ಲಿ. ಬೆರಳ ತುದಿಯಲ್ಲಿ ಒಂದು ಕಿಲೋ ಬಲದಿಂದ ಚಿವುಟಿ ಹಿಡಿದರೆ ಆ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ. ಸವೆದ ಕೀಲು ಅದನ್ನು ಎಲ್ಲಿಂದ ತಾಳೀತು?

ನಾನು ದುಡಿದದ್ದು ಇಲ್ಲೇ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ. 1978ರಲ್ಲಿ ಶುರುವಾದ ಕಾರ್ಖಾನೆ. ಆ ಜಾಗ ಈಗ ಇಸ್ರೊ ಕೈಯಲ್ಲಿದೆ. ಗಡಿಯಾರದ ಹಿಂಬದಿಯ ತಿರುಪು ಮುಚ್ಚಳ ಬಿಚ್ಚುವ ಮೊದಲು ಅದರ ಕವಚವನ್ನು ಹಿಡಿಕೆಯಲ್ಲಿ ಬಿಗಿಯಾಗಿ ಕೂರಿಸಬೇಕು, ಬಿಚ್ಚುವ ಕೀಲಿಯ ಮಾತು ಆಮೇಲೆ. ಬೆರಳುಗುರಿನಷ್ಟು ಅಗಲದ ವಸ್ತುವಿಗೇ ಇಷ್ಟು ಮರ್ಯಾದೆ ಇರುವಾಗ ಅರ್ಧ ಕಿಲೋ ಉಪ್ಪಿನಕಾಯಿಯ ಬಾಟಲಿಯನ್ನು ನೋಯುವ ಕೈಯಲ್ಲಿ ಹಿಡಿದುಕೊಳ್ಳಿ ಎನ್ನುವುದು ಅನ್ಯಾಯ. ಹಾಗಾಗಿ ಬಾಟಲಿಯ ಬುಡವನ್ನು ಹಿಡಿಯುವ ಹಲಗೆಯೇ ಮೊದಲು ಎಂದು ತೀರ್ಮಾನಿಸಿದೆ.

ಎಷ್ಟು ಬಲ ಬೇಕು ಎಂಬುದನ್ನು ಅಳೆದೇ ಮುಂದುವರಿದೆ. ಪಟ್ಟಿಯ ಹಿಡಿಯ ಮೇಲೆ ನಡುವಿನಿಂದ 16 ಸೆಂ.ಮೀ. ದೂರದಲ್ಲಿ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ, ಹೊಸ ಬಾಟಲಿ ಬಿಟ್ಟುಕೊಳ್ಳುವುದು ಎರಡೂವರೆ ಕಿಲೋ ಆಸುಪಾಸಿನಲ್ಲಿ. ಬಲವನ್ನು ದೂರದಿಂದ ಗುಣಿಸಿದರೆ ತಿರುಚುಬಲ ಸುಮಾರು 40 ಕಿಲೋ-ಸೆಂ.ಮೀ. ಇದರಲ್ಲಿ ಒಂದು ಪಾಲು ನಿರ್ವಾತದ್ದು. 63 ಮಿ.ಮೀ. ಮುಚ್ಚಳದ ವಿಸ್ತೀರ್ಣ 31 ಚದರ ಸೆಂ.ಮೀ. ಬಿಸಿಯಾಗಿ ತುಂಬಿ ಮುಚ್ಚಿದ ಬಾಟಲಿ ಆರಿದಾಗ ಒಳಗಿನ ಒತ್ತಡ ಅರ್ಧಕ್ಕೆ ಇಳಿದಿದ್ದರೂ ಹೊರಗಿನ ಗಾಳಿ ಮುಚ್ಚಳವನ್ನು 15 ಕಿಲೋ ಭಾರದಿಂದ ಅದುಮಿರುತ್ತದೆ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಕರಾವಳಿಯಲ್ಲಿ ಮುಚ್ಚಿದ ಬಾಟಲಿ ಇಲ್ಲಿ ತುಸು ಸುಲಭವಾಗಿ ತೆರೆಯಬೇಕು. ಊರಿನ ಬಗ್ಗೆ ಹೆಮ್ಮೆಪಡಲು ಇದೂ ಒಂದು ಕಾರಣ. ಮುಚ್ಚಳದ ಅಂಚಿಗೆ ಚಮಚದ ಹಿಡಿ ಕೊಟ್ಟು ಮೀಟಿ ಗಾಳಿ ಬಿಡುವ ಉಪಾಯ ನಿಮಗೆ ಗೊತ್ತೇ ಇದೆ. ಆದರೆ ಮೀಟುವಾಗಲೂ ಬಾಟಲಿಯನ್ನು ಯಾರಾದರೂ ಹಿಡಿಯಲೇಬೇಕು.

ಹಲಗೆಯ ರಚನೆ ಸರಳ. ಎಡಕ್ಕೆ ಒಂದು ಸ್ಥಿರ ದವಡೆ, ಬಲಕ್ಕೆ ತಿರುಗಣಿಯ ಮೇಲೆ ಒಂದು ಕ್ಯಾಮ್, ನಡುವೆ ಬಾಟಲಿ. ಮುಚ್ಚಳವನ್ನು ಅಪ್ರದಕ್ಷಿಣವಾಗಿ ತಿರುಗಿಸಿದಾಗ ಬಾಟಲಿಯೂ ಜೊತೆಗೆ ತಿರುಗಲು ನೋಡುತ್ತದೆ. ಅದು ತಿರುಗಿದಷ್ಟೂ ಕ್ಯಾಮನ್ನು ಎಳೆದುಕೊಳ್ಳುತ್ತದೆ. ಕ್ಯಾಮ್ ಇನ್ನಷ್ಟು ಒತ್ತುತ್ತದೆ. ಬಾಟಲಿಯನ್ನು ಹಿಂದಕ್ಕೆ ಸ್ವಲ್ಪ ತಿರುಗಿಸಿದರೆ ಸಡಿಲ. ತಿರುಪು ಬಿಗಿಯುವ ಕೆಲಸವಿಲ್ಲ, ಗುಬಟು ತಿರುಗಿಸುವ ಕೆಲಸವಿಲ್ಲ. ಬೆರಳಿಗೆ ಒಂದೂ ಕೆಲಸವಿರಬಾರದು ಎಂಬುದೇ ಈ ಹಲಗೆಯ ನಿಯಮ.

ಕ್ಯಾಮಿಗೆ ಹುಣಸೆ ಮರ. ಗಾಣಕ್ಕೂ ಕೊಡತಿಗೂ ನಮ್ಮ ಹಿರಿಯರು ಆರಿಸುತ್ತಿದ್ದ ಗಟ್ಟಿ ಮರ. ಉಳಿಯ ಅಲಗನ್ನು ಅರ್ಧ ಗಂಟೆಯಲ್ಲಿ ಮೊಂಡು ಮಾಡುತ್ತದೆ, ಆಮೇಲೆ ಮೊಮ್ಮಕ್ಕಳ ಕಾಲದವರೆಗೂ ಸವೆಯುವುದಿಲ್ಲ.

ಸಮಸ್ಯೆ ಶುರುವಾದದ್ದು ಇಲ್ಲಿಂದ. ಮೊದಲಿನ ಕ್ಯಾಮ್ ಒಂದು ದುಂಡು ಬಿಲ್ಲೆ, ತ್ರಿಜ್ಯ 40 ಮಿ.ಮೀ., ತಿರುಗಣಿ ನಡುವಿನಿಂದ 10 ಮಿ.ಮೀ. ಆಚೆಗೆ. ಜಾಮ್ ಬಾಟಲಿ ಜಾರುತ್ತಿತ್ತು. ಅದಕ್ಕಿಂತ ತುಸು ದಪ್ಪನೆಯ ಉಪ್ಪಿನಕಾಯಿ ಬಾಟಲಿಯನ್ನು ಅದೇ ಬಿಲ್ಲೆ ಎಷ್ಟು ಹಿಡಿಯುತ್ತಿತ್ತೆಂದರೆ ಬಿಡಿಸಲು ಕೊಡತಿ ಬೇಕಾಗುತ್ತಿತ್ತು. ಒಂದೇ ಕ್ಯಾಮ್, ಒಂದೇ ರಬ್ಬರ್, ಒಂದೇ ಗಾಜು, ಎರಡು ಸ್ವಭಾವ! ರಬ್ಬರ್ ಬದಲಿಸಿದೆ, ಮರಳುಕಾಗದ ಅಂಟಿಸಿದೆ, ಬಿಲ್ಲೆಯ ಅಂಚಿಗೆ ಗೀರು ಕೊಟ್ಟೆ. ಯಾವುದಕ್ಕೂ ಅದು ಬಗ್ಗಲಿಲ್ಲ.

ಕಾಗದದ ಮೇಲೆ ಬರೆದಾಗ ಗುಟ್ಟು ಕಂಡಿತು. ಕ್ಯಾಮ್ ಕಚ್ಚುತ್ತದೋ ಜಾರುತ್ತದೋ ಎಂಬುದು ಒಂದೇ ಒಂದು ಕೋನದ ಮೇಲೆ ನಿಂತಿದೆ. ತಿರುಗಣಿಯಿಂದ ಸ್ಪರ್ಶಬಿಂದುವಿಗೆ ಎಳೆದ ಗೆರೆಗೂ ಆ ಬಿಂದುವಿನಲ್ಲಿ ಬಾಟಲಿಯ ಮೈಗೆ ಲಂಬವಾಗಿ ಎಳೆದ ಗೆರೆಗೂ ನಡುವಿನ ಕೋನ ಅದು. ಅದರ ಟ್ಯಾಂಜೆಂಟ್ ಘರ್ಷಣಾಂಕಕ್ಕಿಂತ (ಎರಡು ಮೈಗಳು ಜಾರದೆ ಎಷ್ಟು ಹಿಡಿಯುತ್ತವೆ ಎಂಬ ಅಂಕೆ) ಕಡಿಮೆಯಿದ್ದರೆ ಕಚ್ಚುತ್ತದೆ, ಹೆಚ್ಚಿದ್ದರೆ ಜಾರುತ್ತದೆ. ದುಂಡು ಬಿಲ್ಲೆಯಲ್ಲಿ ಈ ಕೋನ ಒಂದೇ ಸಮನಿರುವುದಿಲ್ಲ. ತಿರುಗುತ್ತಾ ಹೋದಂತೆ ಶೂನ್ಯದಿಂದ ಏರಿ, ನಡುವೆ 14 ಡಿಗ್ರಿ ದಾಟಿ, ಮತ್ತೆ ಶೂನ್ಯಕ್ಕೆ ಇಳಿಯುತ್ತದೆ. ಜಾಮ್ ಬಾಟಲಿಗೆ ಸಿಕ್ಕಿದ್ದು ನಡುಭಾಗ. 14 ಡಿಗ್ರಿಗೆ 0.25ರಷ್ಟು ಘರ್ಷಣಾಂಕ ಬೇಕು, ಜಿಡ್ಡಿನ ಗಾಜು ಅದನ್ನು ಕೊಡುವುದಿಲ್ಲ. ಉಪ್ಪಿನಕಾಯಿ ಬಾಟಲಿಗೆ ಸಿಕ್ಕಿದ್ದು ತುದಿ. ಅಲ್ಲಿ ಕೋನ ಶೂನ್ಯದ ಹತ್ತಿರವಾದ್ದರಿಂದ ಒತ್ತಡ ಮಿತಿಮೀರಿ ಏರುತ್ತದೆ.

ಹಾಗಾದರೆ ಎಲ್ಲ ಬಿಂದುವಿನಲ್ಲೂ ಒಂದೇ ಕೋನವಿರುವ ವಕ್ರರೇಖೆ ಬೇಕು. ಅಂಥದ್ದು ಇದೆ: ಲಘುಗಣಕ ಸುರುಳಿ. ಬಂಡೆ ಹತ್ತುವವರು ಬಿರುಕಿನಲ್ಲಿ ಸಿಕ್ಕಿಸುವ ಸ್ಪ್ರಿಂಗ್ ಕ್ಯಾಮುಗಳೂ ಇದೇ ಆಕಾರದವು. ಬಿರುಕು ಕಿರಿದಾಗಿರಲಿ, ಅಗಲವಾಗಿರಲಿ, ಹಿಡಿತ ಒಂದೇ. ಈ ಸುರುಳಿಯ ಮೇಲಿನ ಪ್ರೀತಿಯಿಂದ ಗಣಿತಜ್ಞ ಯಾಕೋಬ್ ಬರ್ನೂಲಿ ಅದನ್ನು ತನ್ನ ಸಮಾಧಿಯ ಕಲ್ಲಿನ ಮೇಲೆ ಕೆತ್ತಬೇಕೆಂದು ಬಯಸಿದ್ದ. 1705ರಲ್ಲಿ ಆತ ತೀರಿಕೊಂಡ ಮೇಲೆ ಬಾಸೆಲ್‌ನ ಶಿಲ್ಪಿ ಕೆತ್ತಿದ್ದು ಬೇರೆಯೇ ಸುರುಳಿ, ಸುತ್ತುಗಳ ನಡುವೆ ಸಮ ಅಂತರವಿರುವ ಆರ್ಕಿಮಿಡೀಸ್ ಸುರುಳಿ. ಕೇಳಿದ್ದೊಂದು, ಕೊಟ್ಟದ್ದೊಂದು. ಸಾಮಾನು ಪೂರೈಸುವವರ ಈ ಪರಂಪರೆಗೆ ಮುನ್ನೂರು ವರ್ಷ ದಾಟಿದೆ ಎಂದಾಯಿತು.

ಕೋನ 12 ಡಿಗ್ರಿ ಇಟ್ಟುಕೊಂಡೆ. ಇದಕ್ಕೆ 0.21ಕ್ಕಿಂತ ಹೆಚ್ಚು ಘರ್ಷಣಾಂಕ ಸಾಕು. 7 ಸೆಂ.ಮೀ. ವ್ಯಾಸದ ಬಾಟಲಿಗೆ 40 ಕಿಲೋ-ಸೆಂ.ಮೀ. ತಿರುಚಿದಾಗ ಗಾಜಿನ ಮೇಲೆ ಬೀಳುವ ಒತ್ತುಬಲ ಸುಮಾರು 27 ಕಿಲೋ; ಅಗಲವಾದ ರಬ್ಬರಿನ ಮೇಲೆ ಹರಡಿದರೆ ಗಾಜಿಗೆ ಅಪಾಯವಿಲ್ಲ. 8 ಡಿಗ್ರಿಗೆ ಇಳಿಸಿದ್ದರೆ ಅದು 40 ಕಿಲೋ ಮುಟ್ಟುತ್ತಿತ್ತು, ಕೂದಲೆಳೆಯಷ್ಟು ಬಿರುಕಿದ್ದ ಬಾಟಲಿಯೂ ಒಡೆಯಬಹುದಿತ್ತು. ಸುರುಳಿ ಬಿಡಿಸಲು ಕಂಪ್ಯೂಟರ್ ಬೇಕಿಲ್ಲ. ಕೋನಮಾಪಕ ಇಟ್ಟು ಪ್ರತಿ 15 ಡಿಗ್ರಿಗೆ ಒಂದು ಗೆರೆ ಎಳೆದು, ತಿರುಗಣಿಯಿಂದ 40, 42.3, 44.7, 47.3, 50, 52.8, 55.9 ಮಿ.ಮೀ. ಗುರುತು ಹಾಕಿ, ಬಾಗುವ ಬಿದಿರು ಸೀಳಿನಿಂದ ಸೇರಿಸಿದರೆ ಆಯಿತು. ಪ್ರತಿ ಹೆಜ್ಜೆಗೂ ಹಿಂದಿನದರ 1.057 ಪಟ್ಟು. ಇದರಿಂದ 16 ಮಿ.ಮೀ. ವ್ಯತ್ಯಾಸದವರೆಗಿನ ಬಾಟಲಿಗಳು ಒಂದೇ ಕ್ಯಾಮಿಗೆ ಬರುತ್ತವೆ. ಇನ್ನೂ ದೊಡ್ಡದಕ್ಕೆ ಎಡದವಡೆಯನ್ನು ಗೂಟದ ತೂತು ಬದಲಿಸಿ ಸರಿಸುವುದು. ತೂತುಗಳ ಅಂತರ 15 ಮಿ.ಮೀ.

ಇಷ್ಟಾದ ಮೇಲೂ ಬಾಟಲಿ ಜಾರಿತು ಎಂದರೆ ನಂಬುತ್ತೀರಾ? ಮೊದಲ ದಿನ ಕಚ್ಚಿತು, ವಾರ ಕಳೆಯುವಷ್ಟರಲ್ಲಿ ಲೋಳೆ ಲೋಳೆ. ತಪ್ಪಿತಸ್ಥ ಸೈಕಲ್ ಟ್ಯೂಬಿನ ರಬ್ಬರ್. ಅಡುಗೆಮನೆಯ ಎಣ್ಣೆ ಅದರೊಳಕ್ಕೆ ಇಳಿದು ಅದು ಉಬ್ಬಿ ಮೆತ್ತಗಾಗಿತ್ತು. ಎಣ್ಣೆಗೆ ನಿಲ್ಲುವುದು ನೈಟ್ರೈಲ್ ರಬ್ಬರ್. ಅದಕ್ಕಾಗಿ ಪಟ್ಟ ಪಾಡು ಕೇಳಿ. ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ ನೈಟ್ರೈಲ್ ಎಂದೇ ಹೇಳಿ ಕಪ್ಪು ಹಾಳೆ ಕೊಟ್ಟರು. ಬೆರಳಗಲದ ಚೂರನ್ನು ರಾತ್ರಿ ಕಡಲೆಕಾಯಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ, ಬೆಳಗ್ಗೆ ಅದು ಅಳತೆಪಟ್ಟಿ ಮೀರಿ ಬೆಳೆದಿತ್ತು. ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿ ಒಂದು ಚದರ ಮೀಟರಿಗಿಂತ ಕಡಿಮೆ ಕಳಿಸುವುದಿಲ್ಲ ಎಂದರು. ನನಗೆ ಬೇಕಾದದ್ದು ಎರಡು ಅಂಗೈಯಷ್ಟು! ಇನ್ನೊಬ್ಬರು ರಬ್ಬರಿನ ಗಡಸುತನ ಅಳೆಯುವ ಶೋರ್ ಮಾಪನದಲ್ಲಿ 40ರದ್ದು ಕೇಳಿದರೆ 70ರದ್ದು ಕಳಿಸಿ, ಗಟ್ಟಿಯಿದ್ದರೆ ಒಳ್ಳೆಯದಲ್ಲವೇ ಸಾರ್ ಎಂದರು. ಒಳ್ಳೆಯದಲ್ಲ! ಮೆತ್ತನೆಯ ರಬ್ಬರ್ ಗಾಜಿನ ದುಂಡಿಗೆ ಅಂಟಿಕೊಂಡು ಹೆಚ್ಚು ಜಾಗ ಹಿಡಿಯುತ್ತದೆ, ಗಟ್ಟಿಯದು ಒಂದು ಗೆರೆಯ ಮೇಲೆ ನಿಲ್ಲುತ್ತದೆ. ಕೊನೆಗೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗ್ಯಾಸ್ಕೆಟ್ ಕತ್ತರಿಸುವ ಒಂದು ಘಟಕದ ಹುಡುಗ, ಕತ್ತರಿಸಿ ಉಳಿದ ಚೂರುಗಳ ಚೀಲವನ್ನೇ ಮುಂದಿಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದ. ಹಣ ಮುಟ್ಟಲಿಲ್ಲ. ಅವನ ತಾಯಿಗೂ ಒಂದು ಹಲಗೆ ಮಾಡಿಕೊಡುತ್ತಿದ್ದೇನೆ.

ಎಣ್ಣೆಯ ಪರೀಕ್ಷೆಯನ್ನು ನೀವೂ ತಪ್ಪದೆ ಮಾಡಿ. ಅಂಟಿಸಲು ಸಂಪರ್ಕ ಅಂಟು ಸಾಲದು, ತಿರುಚುವಾಗ ಸುಲಿದು ಬರುತ್ತದೆ. ರಬ್ಬರಿನ ಎರಡೂ ತುದಿಯನ್ನು ಕ್ಯಾಮಿನ ಬೆನ್ನಿಗೆ ಮಡಚಿ ಹಿತ್ತಾಳೆ ಪಟ್ಟಿ ಕೊಟ್ಟು ತಿರುಪು ಹಾಕಿ. ಈ ಹಲಗೆ ಗಾಜಿಗೆ ಮಾತ್ರ. ತೆಳು ಪ್ಲಾಸ್ಟಿಕ್ ಬಾಟಲಿ ಒತ್ತಡಕ್ಕೆ ಒಳಕ್ಕೆ ಕುಸಿದು ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದಕ್ಕೆ ಕೊರಳಿನ ಉಂಗುರ ಹಿಡಿಯುವ ಕವಲು ಬೇಕು, ಅದು ಬೇರೆ ಕೆಲಸ.

ಮುಂದಿನದು ಯಾವುದು ಎಂದು ಆಗಲೇ ಚಡಪಡಿಕೆ. ಒತ್ತಿ ತಿರುಗಿಸುವ ಔಷಧಿ ಮುಚ್ಚಳವನ್ನು ಕೊಯ್ದು ನೋಡಿದೆ. ಒಂದರೊಳಗೊಂದು ಎರಡು ಚಿಪ್ಪು. ಒತ್ತಿದರೆ ಮಾತ್ರ ಹೊರಚಿಪ್ಪಿನ ಹಲ್ಲು ಒಳಚಿಪ್ಪಿಗೆ ಸಿಗುತ್ತದೆ, ಇಲ್ಲವಾದರೆ ಕಟಕಟ ಎಂದು ಸುಮ್ಮನೆ ಸುತ್ತುತ್ತದೆ. ಮಕ್ಕಳನ್ನು ಕಾಪಾಡುವ ಒಳ್ಳೆಯ ಯೋಚನೆ. ಅಮೆರಿಕದಲ್ಲಿ ಇದಕ್ಕೆ 1970ರಲ್ಲೇ ಕಾನೂನು ಬಂತು. ಮುಚ್ಚಳಗಳನ್ನು ತೆರೆದು ಪರೀಕ್ಷಿಸುವ ದೊಡ್ಡವರು ಮಾತ್ರ ಬಹಳ ಕಾಲ 18ರಿಂದ 45 ವರ್ಷದವರಾಗಿದ್ದರು. ಅಲ್ಲಿ 50ರಿಂದ 70 ವರ್ಷದವರನ್ನು ಪರೀಕ್ಷೆಗೆ ಕೂರಿಸುವ ನಿಯಮ ಬಂದದ್ದು 1995ರಲ್ಲಿ. ಕಾಲು ಶತಮಾನ! ಮಾತ್ರೆ ಹೆಚ್ಚು ನುಂಗುವವರು ಯಾರು ಎಂದು ಒಬ್ಬರಾದರೂ ಕೇಳಬೇಡವೇ? ಬಾಟಲಿ ಹಲಗೆಯಲ್ಲಿ ನಿಂತರೆ ಅಂಗೈಯ ಬುಡದಿಂದ ಮೈಭಾರ ಬಿಟ್ಟು ಒತ್ತಬಹುದು. ಮುಚ್ಚಳದ ಮೇಲೆ ಕೂರುವ, ಒಳಗೆ ರಬ್ಬರ್ ಇರುವ, ಅಡ್ಡಹಿಡಿಯ ಒಂದು ಮರದ ಬಟ್ಟಲು ಸಾಕು. ಮೊಮ್ಮಕ್ಕಳು ರಜೆಗೆ ಬಂದಾಗ ಆ ಬಟ್ಟಲನ್ನು ಅಟ್ಟಕ್ಕೆ ಏರಿಸಿಡಬೇಕು.

ಅದಕ್ಕೂ ಮೊದಲು ಅಡುಗೆ ಅನಿಲದ ಸಿಲಿಂಡರಿನ ಮುಚ್ಚಳ. ನೈಲಾನ್ ದಾರವನ್ನು ಜಗ್ಗಿಕೊಂಡೇ ಮುಚ್ಚಳವನ್ನು ಮೇಲಕ್ಕೆ ಎತ್ತಬೇಕು, ದಾರ ಬೆರಳನ್ನು ಕೊಯ್ಯುತ್ತದೆ. ದಾರದ ಕುಣಿಕೆಗೆ ಸಿಗುವ ಮರದ ಕೊಕ್ಕೆ, ಮುಷ್ಟಿ ತುಂಬುವ ದಪ್ಪ ಹಿಡಿ. ಕಬ್ಬಿಣ ಬಳಸುವುದಿಲ್ಲ, ಅನಿಲದ ಪಕ್ಕದಲ್ಲಿ ಕಿಡಿಯ ಮಾತೇ ಬೇಡ. ಹೊನ್ನೆಯ ತುಂಡು ಆಗಲೇ ಪಟ್ಟಡಿಯ ಮೇಲಿದೆ.

ಹಲಗೆ ಮಾಡಹೊರಟ ಎಡಗೈಯವರಿಗೆ ಒಂದು ಮಾತು: ಕನ್ನಡಿಯ ಬಿಂಬದಂತೆ ತಿರುಗಿಸಿ ಮಾಡಬೇಡಿ. ಮುಚ್ಚಳದ ತಿರುಪು ಎಲ್ಲರಿಗೂ ಒಂದೇ ದಿಕ್ಕಿಗೆ ಬಿಚ್ಚುವುದರಿಂದ ಕ್ಯಾಮ್ ಬಲಕ್ಕೇ ಇರಲಿ. ಪಟ್ಟಿಯ ಹಿಡಿಯನ್ನು ಮಾತ್ರ ಎಡಗಡೆಗೆ ಬರುವಂತೆ ಸುತ್ತಿಕೊಳ್ಳಿ, ಹೊರಕ್ಕೆ ತಳ್ಳುವ ಬದಲು ಮೈಕಡೆಗೆ ಎಳೆದರೆ ಇನ್ನೂ ಹಗುರ.