ಟಿಕೆಟ್ ಕೇಳೋಕೇನಾಗಿತ್ತು?

"ಆಯಮ್ಮನೇ ಸುಮ್ನೆ ನಿಂತಿದ್ರು ಮೇಡಂ. ನಾನೇನಂತ ಕೇಳ್ಲಿ?"

ಬಸ್ ಸಿಬ್ಬಂದಿಗೆ ಈ ವಾರ ನಡೆದ ತರಬೇತಿಯಲ್ಲಿ ಎಳೆಯ ಕಂಡಕ್ಟರ್ ಒಬ್ಬ ಹೇಳಿದ ಮಾತಿದು. ಕಿಕ್ಕಿರಿದ ಬಸ್ಸಿನಲ್ಲಿ ಆಕೆಗೆ ಒತ್ತಿಕೊಂಡು ನಿಂತವನ ಕೈ ಎಲ್ಲಿತ್ತು ಅನ್ನುವುದನ್ನು ಅವನು ಕಂಡಿದ್ದ. ಅಕ್ಕಪಕ್ಕದವರೂ ಕಂಡು ಕಿಟಕಿಯಾಚೆ ನೋಡತೊಡಗಿದ್ದರಂತೆ. ಅವನ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಹಿರಿಯ ಡ್ರೈವರ್ ಒಬ್ಬರು, "ಟಿಕೆಟ್ ಕೇಳೋಕೇನಾಗಿತ್ತೋ ನಿಂಗೆ?" ಅಂದರು. ಎಲ್ಲರೂ ನಕ್ಕರು, ಹುಡುಗ ನಗಲಿಲ್ಲ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಆ ಮಾತನ್ನು ಅಷ್ಟು ಜನರೆದುರು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ.

"ಆಯಮ್ಮನೇ ಸುಮ್ನೆ ನಿಂತಿದ್ರು." ಪೊಲೀಸ್ ಠಾಣೆಯಿಂದ ನ್ಯಾಯಾಲಯದವರೆಗೆ ಬೇರೆ ಬೇರೆ ವೇಷದಲ್ಲಿ ಕೇಳಿಬರುವ ವಾಕ್ಯ ಇದೇ. ಯಾಕೆ ಕೂಗಲಿಲ್ಲ, ಯಾಕೆ ತಳ್ಳಲಿಲ್ಲ? ಭಯದಲ್ಲಿ ಓಡುವವರು, ಎದುರು ಬೀಳುವವರು ಇದ್ದಂತೆ ಮರಗಟ್ಟಿ ನಿಲ್ಲುವವರೂ ಇದ್ದಾರೆ. ಕೈಕಾಲು ಆಡುವುದಿಲ್ಲ, ಗಂಟಲಿನಿಂದ ದನಿ ಹೊರಡುವುದಿಲ್ಲ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಅತ್ಯಾಚಾರ ಸಂತ್ರಸ್ತೆಯರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 70ರಷ್ಟು ಮಂದಿ ಗಣನೀಯ ಮಟ್ಟದಲ್ಲಿ ಹೀಗೆ ಮರಗಟ್ಟಿದ್ದರು. ನಮ್ಮ ಕಾನೂನಿಗೂ ಇದು ಗೊತ್ತು: ದೈಹಿಕವಾಗಿ ಪ್ರತಿರೋಧ ತೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ಒಪ್ಪಿದ್ದಳೆಂದು ಭಾವಿಸಕೂಡದು ಎಂದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 63 ಬಿಡಿಸಿ ಹೇಳುತ್ತದೆ. ಹಾಗಾಗಿ ಆಕೆ ಕೂಗಲಿ ಅಂತ ಕಾಯುವವರು ಎಷ್ಟೋ ಸಲ ಬರಲಾರದ ದನಿಗಾಗಿ ಕಾಯುತ್ತಿರುತ್ತಾರೆ.

ಇನ್ನು ಸುತ್ತಲಿನವರ ಮೌನ. ಇಂಥದ್ದೇನಾದರೂ ಸುದ್ದಿಯಾದರೆ ಮರುದಿನವೇ "ಮಾನವೀಯತೆ ಸತ್ತಿದೆ" ಅಂತ ಬರೆದು ಕೈತೊಳೆದುಕೊಳ್ಳುವವರ ಮೇಲೆ ನನಗೆ ಅಸಮಾಧಾನವಿದೆ. ಸತ್ತದ್ದನ್ನು ಯಾರೂ ರಿಪೇರಿ ಮಾಡುವುದಿಲ್ಲವಲ್ಲ! 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಜನರನ್ನು ಕೋಣೆಯಲ್ಲಿ ಕೂರಿಸಿ ಗೋಡೆಯ ಸಂದಿಯಿಂದ ಹೊಗೆ ಬಿಟ್ಟರು. ಒಬ್ಬರೇ ಕೂತಿದ್ದಾಗ ಶೇ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರು ಪಕ್ಕದಲ್ಲಿದ್ದಾಗ ತಿಳಿಸಿದವರು ಶೇ 10 ಮಾತ್ರ. ಉಳಿದವರು ಕಣ್ಣುಜ್ಜಿಕೊಳ್ಳುತ್ತ ಅಲ್ಲೇ ಕೂತರು. ಬಸ್ಸಿನಲ್ಲೂ ಇದೇ ನಡೆಯುತ್ತದೆ. ಪ್ರತಿಯೊಬ್ಬನೂ ಗಾಬರಿಯನ್ನು ಮುಖದಲ್ಲಿ ತೋರಿಸದೆ ಪಕ್ಕದವನ ಮುಖ ನೋಡುತ್ತಾನೆ, ಆ ಮುಖವೂ ಶಾಂತವಾಗಿರುತ್ತದೆ, ಸರಿ, ಅಂಥದ್ದೇನೂ ಇರಲಿಕ್ಕಿಲ್ಲ ಅಂದುಕೊಳ್ಳುತ್ತಾನೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸೊಂದರಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾದ ಯುವತಿಯೂ ಆಕೆಯ ಗೆಳೆಯನೂ ರಸ್ತೆಬದಿಯಲ್ಲಿ ಗಾಯಗೊಂಡು ಬಿದ್ದಿದ್ದುದನ್ನು ಕಂಡು ವಾಹನಗಳು ನಿಧಾನ ಮಾಡಿ, ನೋಡಿ, ಮುಂದೆ ಹೋದವು ಎಂದು ಬದುಕುಳಿದ ಗೆಳೆಯ ಆಮೇಲೆ ಹೇಳಿದ್ದ. ನಿಧಾನ ಮಾಡಿದ್ದರು ಅನ್ನುವುದೇ ನನ್ನನ್ನು ಕಾಡುವುದು. ಕಂಡಿತ್ತು, ಮನಸ್ಸಿಗೆ ತಟ್ಟಿಯೂ ಇತ್ತು.

ಅದಕ್ಕೇ ಆ ಡ್ರೈವರ್ ಮಾತು ತಲೆಯಿಂದ ಹೋಗುತ್ತಿಲ್ಲ. ಟಿಕೆಟ್ ಕೇಳೋಕೇನಾಗಿತ್ತು? ಅದರಲ್ಲಿ ಆರೋಪವಿಲ್ಲ, ಜಗಳವಿಲ್ಲ. ತಪ್ಪು ತಿಳಿದಿದ್ದರೂ ಯಾರ ಮಾನವೂ ಹೋಗುವುದಿಲ್ಲ. ಆದರೆ ಕಂಡಕ್ಟರ್ ಇಬ್ಬರ ನಡುವೆ ನುಸುಳಿದ ಕೂಡಲೇ ಅಂತರ ಹುಟ್ಟುತ್ತದೆ, ತನ್ನನ್ನು ಯಾರೋ ಗಮನಿಸಿದ್ದಾರೆಂದು ಅವನಿಗೆ ತಿಳಿಯುತ್ತದೆ, ಆಕೆಗೆ ಮೈ ಸಡಿಲಾಗಲು ಕ್ಷಣ ಸಿಗುತ್ತದೆ. ಪ್ರಯಾಣಿಕರೂ ಇದನ್ನೇ ಮಾಡಬಹುದು: "ಮೇಡಂ, ಮುಂದಿನ ಸ್ಟಾಪ್ ಯಾವುದು?", "ಬನ್ನಿ, ಇಲ್ಲಿ ಜಾಗ ಇದೆ." ಮಾತಾಡಬೇಕಾದ್ದು ಆಕೆಯ ಜೊತೆ, ಅವನ ಜೊತೆಯಲ್ಲ. ಅವನ ಜೊತೆ ಶುರುಮಾಡಿದರೆ "ರಶ್ಶು ಕಣ್ರೀ, ಕಾರಲ್ಲಿ ಹೋಗಿ" ಅನ್ನುವ ಸಿದ್ಧ ಉತ್ತರ ಬರುತ್ತದೆ, ವಾದ ಅಲ್ಲೇ ಹಳ್ಳ ಹಿಡಿಯುತ್ತದೆ. ವಿಷಯ ಕೈಮೀರುವಂತಿದ್ದರೆ "ಯಾರಾದ್ರೂ ಫೋನ್ ಮಾಡಿ" ಅಂತ ಕೂಗಬೇಡಿ; ಆ ಯಾರಾದರೂ ಅನ್ನುವವರು ಯಾರೂ ಅಲ್ಲ. "ನೀಲಿ ಶರ್ಟ್‌ನೋರೇ, 112ಕ್ಕೆ ಫೋನ್ ಮಾಡಿ" ಅಂತ ಒಬ್ಬರನ್ನು ಗುರುತಿಸಿ ಹೇಳಿ.

ಎಲ್ಲರೂ ಸೇರಿ ನಾಲ್ಕು ಬಾರಿಸುವುದು ಅನೇಕರಿಗೆ ಇಷ್ಟವಾದ ಪರಿಹಾರ. ಗಲಾಟೆಯ ನಡುವೆ ಆಕೆ ಹೆದರಿ ಇಳಿದು ಹೋಗಿರುತ್ತಾಳೆ, ಹೊಡೆದವರ ಮೇಲೆ ಕೇಸು ಬೀಳುತ್ತದೆ, ಅವನು ಪಾರಾಗುತ್ತಾನೆ.

ವಿಡಿಯೊದ್ದು ಇನ್ನೊಂದು ಕಥೆ. 2024ರ ಸೆಪ್ಟೆಂಬರ್‌ನಲ್ಲಿ ಉಜ್ಜಯಿನಿಯ ಫುಟ್‌ಪಾತಿನಲ್ಲಿ ಹಾಡಹಗಲೇ ಅತ್ಯಾಚಾರ ನಡೆದಾಗ ತಡೆಯುವ ಬದಲು ಫೋನ್ ಎತ್ತಿದವರಿದ್ದರು. ವಿಡಿಯೊ ಹರಡಿದವನ ಬಂಧನವೂ ಆಯಿತು. ನೆರವಿಗೆ ಬೇರೆಯವರು ಹೋಗಿದ್ದಾರೆ ಅಂತಾದರೆ ಮಾತ್ರ ಚಿತ್ರೀಕರಿಸಿ. ಅವನ ಮುಖ, ಬಸ್ಸಿನ ನಂಬರ್, ಸುತ್ತಲಿನ ಗುರುತು ಸಿಗಲಿ. ಆಕೆಯ ಮುಖ ಬೇಡ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ನ್ಯಾಯ ಸಂಹಿತೆಯ ಸೆಕ್ಷನ್ 72ರಡಿ ಎರಡು ವರ್ಷದವರೆಗೆ ಜೈಲಿದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೂಲ ಫೈಲ್ ಅಳಿಸಿಬಿಟ್ಟರೆ ವಿಡಿಯೊ ಕುಗ್ಗಿ, ಸಮಯದ ದಾಖಲೆಯೂ ಕಳೆದುಹೋಗಬಹುದು. ತೆಗೆದ ಫೋನಿನಲ್ಲೇ ಅದು ಉಳಿಯಲಿ. ಕೋರ್ಟಿಗೆ ಸಲ್ಲಿಸುವಾಗ ಅದು ಯಾವ ಫೋನಿನಲ್ಲಿ, ಹೇಗೆ ದಾಖಲಾದದ್ದು ಎಂದು ದೃಢೀಕರಿಸುವ ಪ್ರಮಾಣಪತ್ರ (ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63) ಬೇಕಾಗುತ್ತದೆ.

ದೂರನ್ನು ಆಕೆಯೇ ಕೊಡಬೇಕೆಂದಿಲ್ಲ, ಕಂಡವರೂ ಕೊಡಬಹುದು. ಯಾವ ಠಾಣೆಯಾದರೂ ಸರಿ, ವ್ಯಾಪ್ತಿಯ ನೆಪ ಹೇಳಿ ಕಳಿಸುವಂತಿಲ್ಲ. ಆದರೆ ವಯಸ್ಕ ಹೆಣ್ಣಿನ ವಿಷಯದಲ್ಲಿ ಮೊದಲು ಆಕೆಯನ್ನು ಕೇಳಿ. 18 ವರ್ಷದೊಳಗಿನ ಮಕ್ಕಳಾದರೆ ಮಾತೇ ಬೇರೆ: ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ, ಸದುದ್ದೇಶದಿಂದ ತಿಳಿಸಿದವರಿಗೆ ರಕ್ಷಣೆಯಿದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕೊಡುವಂಥ ರಕ್ಷಣೆ, ವಯಸ್ಕರ ಮೇಲಿನ ಲೈಂಗಿಕ ಹಿಂಸೆ ಕಂಡು ಮುಂದೆ ಬಂದವರಿಗೆ ಅದೇ ರೀತಿ ಇಲ್ಲ. ಕೋರ್ಟು ಕಚೇರಿ ಯಾರು ಅಲೀತಾರೆ ಅನ್ನುವವರನ್ನು ಪೂರ್ತಿ ಬೈಯಲು ನನಗೆ ಮನಸ್ಸಾಗದಿರುವುದು ಅದಕ್ಕೇ.

ಅತ್ಯಾಚಾರವಾಗಿದ್ದರೆ ಆಸ್ಪತ್ರೆ ಮೊದಲು. ಖಾಸಗಿಯಾದರೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ಎಫ್ಐಆರ್ ಇಲ್ಲವೆಂದು ನಿರಾಕರಿಸುವಂತಿಲ್ಲ. ಎಚ್ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ.

ಕಂಡವರಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ವಿಚಾರಣೆ ವರ್ಷಗಳ ನಂತರ ಬಂದರೂ ಬಂದೀತು, ಅಷ್ಟರಲ್ಲಿ ಶರ್ಟಿನ ಬಣ್ಣ ಮರೆತಿರುತ್ತದೆ, ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ. ಅವತ್ತು ರಾತ್ರಿಯೇ ಒಂದು ಹಾಳೆಯಲ್ಲಿ ದಿನಾಂಕ, ವೇಳೆ, ರೂಟ್ ನಂಬರ್, ಯಾರು ಎಲ್ಲಿ ನಿಂತಿದ್ದರು, ಯಾವ ಕೈ, ಏನು ಮಾತು, ಎಲ್ಲವನ್ನೂ ಬರೆದು ಸಹಿ ಹಾಕಿಡಿ. ಆಗಿಂದಾಗ್ಗೆ ಬರೆದಿಟ್ಟ ಟಿಪ್ಪಣಿ ನೋಡಿ ನೆನಪು ಮಾಡಿಕೊಳ್ಳಲು ಸಾಕ್ಷಿಗೆ ಕಾನೂನಿನಲ್ಲಿ ಅವಕಾಶವಿದೆ. ಊಹೆ ಬೆರೆಸಬೇಡಿ, ಕಾಣದಿದ್ದುದನ್ನು ಕಾಣಲಿಲ್ಲ ಅಂತಲೇ ಬರೆಯಿರಿ.