ಅಮ್ಮನ ರಾಗಿ ಚೀಲ

ಕಳೆದ ವರ್ಷದ ಕಾರ್ತಿಕ ಮಾಸದಲ್ಲಿ ಶಿಡ್ಲಘಟ್ಟದ ನಮ್ಮ ಬೀದಿಯಿಂದ ಹದಿನಾಲ್ಕು ಜನ ಉತ್ತರದ ಯಾತ್ರೆಗೆ ಹೊರಟಾಗ, ಒಬ್ಬೊಬ್ಬರಿಗೆ ಒಂದೊಂದು ಚಿಂತೆಯಿತ್ತು. ಒಬ್ಬರಿಗೆ ವಿಮಾನದಲ್ಲಿ ಕಿವಿ ನೋಯುತ್ತದೆಯೇ ಎಂಬ ಚಿಂತೆಯಾದರೆ, ಇನ್ನೊಬ್ಬರಿಗೆ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲನ್ನು ಕಿತ್ತುಕೊಳ್ಳುತ್ತಾರೇನೋ ಎಂಬ ಚಿಂತೆ. ನನ್ನ ತಾಯಿಯ ಚಿಂತೆಯನ್ನು ಮಾತ್ರ ನಾನೊಬ್ಬಳೇ ಬಲ್ಲವಳಾಗಿದ್ದೆ. ಹೊರಡುವ ಹಿಂದಿನ ರಾತ್ರಿ ಅವಳು ಅಡುಗೆಮನೆಯ ಬಾಗಿಲನ್ನು ಮುಂದೆ ಮಾಡಿ, "ಅಲ್ಲಿ ಮೈ ಮುಟ್ಟಿ ನೋಡ್ತಾರಂತಲ್ಲ, ಇದನ್ನ ಏನು ಮಾಡೋದು?" ಎಂದು ರವಿಕೆಯ ಎಡಭಾಗವನ್ನು ಕಣ್ಣಿನಲ್ಲೇ ತೋರಿಸಿದಳು.

ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಮ್ಮನ ಎಡ ಸ್ತನವನ್ನು ತೆಗೆದಿದ್ದರು. ಬೀದಿಯವರಿಗೆಲ್ಲ ಅವಳು ಹೇಳಿದ್ದು ಗರ್ಭಕೋಶದ ಆಪರೇಷನ್ ಎಂದು. ನಮ್ಮ ಕಡೆ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಮನೆಗೊಬ್ಬರಂತೆ ಇರುವುದರಿಂದ ಆ ಸುಳ್ಳನ್ನು ಯಾರೂ ಕೆದಕಲಿಲ್ಲ. ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ಊರಿಗೇ ತಿಳಿಯುವ ಜಾಗದಲ್ಲಿ, ಒಂದು ಗುಟ್ಟನ್ನು ನಾಲ್ಕು ವರ್ಷ ಕಾಪಾಡಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂಬುದು ಅಂಥ ಊರಿನಲ್ಲಿ ಬಾಳಿದವರಿಗೇ ಗೊತ್ತು. ಸಿಲಿಕೋನಿನ ಕೃತಕ ಸ್ತನ ಸಿಗುತ್ತದೆಂದು ಆಸ್ಪತ್ರೆಯವರು ಹೇಳಿದ್ದರು; ಅಮ್ಮ ಅದರ ಬೆಲೆ ಕೇಳಿ ಸುಮ್ಮನಾದಳು. ಮನೆಗೆ ಬಂದ ಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಅಂಗೈಯಗಲದ ಚೀಲ ಹೊಲಿದುಕೊಂಡಳು. ಬರೀ ಹತ್ತಿ ತುಂಬಿದರೆ ಅದು ಹಗುರಾಗಿ ಮೇಲಕ್ಕೆ ಸರಿಯುತ್ತಿತ್ತು, ಒಂದು ಕಡೆ ಭಾರವಿಲ್ಲದೆ ಭುಜ ವಾಲುತ್ತಿತ್ತು; ಆದ್ದರಿಂದ ಹತ್ತಿಯ ನಡುವೆ ರಾಗಿ ತುಂಬಿ ತೂಕ ಸರಿಮಾಡಿಕೊಂಡು, ಎರಡು ಪಿನ್ನುಗಳಿಂದ ಒಳಬಟ್ಟೆಗೆ ಸಿಕ್ಕಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು.

ಆ ರಾತ್ರಿ ನನಗೆ ತಿಳಿದಷ್ಟನ್ನು ಅವಳಿಗೆ ವಿವರಿಸಿದೆ. ಮೊದಲು ಬಾಗಿಲಿನಂಥ ಚೌಕಟ್ಟಿನ ಮೂಲಕ ನಡೆಯಬೇಕು, ಆಮೇಲೆ ಹೆಂಗಸರನ್ನು ಪರದೆಯ ಒಳಗೆ ಕರೆದು, ಹೆಣ್ಣುಮಕ್ಕಳೇ ಕೈಯಲ್ಲಿ ಹಿಡಿದ ಯಂತ್ರವನ್ನು ಮೈಮೇಲೆ ಆಡಿಸುತ್ತಾರೆ, ಲೋಹವಿದ್ದರೆ ಅದು ಕೂಗುತ್ತದೆ, ಅನುಮಾನ ಬಂದರೆ ಕೈಯಿಂದ ಮುಟ್ಟಿ ನೋಡುತ್ತಾರೆ ಎಂದೆ. ಚೀಲವನ್ನು ಮನೆಯಲ್ಲೇ ಬಿಟ್ಟು ಬರಬಹುದಲ್ಲ ಎಂದು ನಾನು ಸೂಚಿಸಿದ್ದಕ್ಕೆ, ಹದಿಮೂರು ಜನರ ಮುಂದೆ ಎಂಟು ದಿನ ಸೆರಗು ಹಿಡಿದುಕೊಂಡೇ ತಿರುಗಲೇನು ಎಂಬಂತೆ ನನ್ನನ್ನು ನೋಡಿದಳು. ಆದರೆ ತಪಾಸಣೆಯ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಮೂವತ್ತು ವರ್ಷ ರೇಷ್ಮೆಹುಳು ಸಾಕಿದವಳು ಅವಳು. ಹುಳು ಮನೆಯ ಹೊಸ್ತಿಲಲ್ಲಿ ಹರಡಿದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ತುಳಿಯದೆ, ಕೈ ತೊಳೆಯದೆ ಒಳಗೆ ಬರಲು ಯಾರನ್ನೂ ಬಿಟ್ಟವಳಲ್ಲ. ಸುಣ್ಣಕಟ್ಟು ರೋಗವೋ ಗಂಟು ರೋಗವೋ ಒಂದು ತಟ್ಟೆಗೆ ತಗುಲಿದರೆ ಇಡೀ ಬೆಳೆ ಕೈಬಿಟ್ಟು ಹೋಗುತ್ತದೆಂಬ ಭಯ ಅವಳಿಗೆ. ನನ್ನ ಸೋದರಮಾವ ಒಮ್ಮೆ "ನಾನೇನು ರೋಗ ಹೊತ್ಕೊಂಡು ಬಂದಿದ್ದೀನಾ ಅಕ್ಕ?" ಎಂದು ಮುನಿಸಿಕೊಂಡಾಗ, "ಹೊತ್ತಿದ್ದೀಯೋ ಇಲ್ವೋ ನಿನಗೇ ಗೊತ್ತಿರಲ್ಲ ಕಣೋ" ಎಂದು ನೀರಿನ ಚೊಂಬನ್ನು ಅವನ ಕೈಗಿಟ್ಟಿದ್ದು ನನಗೆ ನೆನಪಿದೆ. ಅದೇ ನ್ಯಾಯವನ್ನು ಅವಳು ವಿಮಾನಕ್ಕೂ ಹಚ್ಚಿದಳು. "ನೋಡ್ಲಿ ಬಿಡು, ನೋಡೋದು ಅವರ ಕೆಲಸ. ನಮ್ಮೋರಿಗೆ ಗೊತ್ತಾಗದಿದ್ರೆ ಸರಿ" ಎಂದಳು.

ಬೆಳಗಿನ ಜಾವ ವಿಜಯಪುರದ ದಾರಿಯಾಗಿ ದೇವನಹಳ್ಳಿಗೆ ಹೊರಟೆವು. ಹಿಪ್ಪುನೇರಳೆ ತೋಟಗಳು ಮುಗಿದು ದ್ರಾಕ್ಷಿ ಚಪ್ಪರಗಳು ಕಾಣುವಷ್ಟರಲ್ಲಿ ಬೆಳಕು ಹರಿದಿತ್ತು. ನಿಲ್ದಾಣದ ಎರಡನೆಯ ಟರ್ಮಿನಲ್ಲಿನ ಬಿದಿರಿನ ಚಾವಣಿಯನ್ನು ಕತ್ತೆತ್ತಿ ನೋಡಿದ ಅಮ್ಮ, "ಚಂದ್ರಿಕೆ ಕಟ್ಟಿದಂಗೈತೆ" ಎಂದು ನಕ್ಕಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೇ ಅವಳ ಮಟ್ಟಿಗೆ ಬಿದಿರಿನ ದೊಡ್ಡ ಕಲೆ. ಒಳಗೆ ಹೋಗಲು ನಾನು, ಮುಖ ನೋಡಿಯೇ ಗುರುತು ಹಿಡಿಯುವ ಡಿಜಿಯಾತ್ರೆಯ ಸಾಲಿನಲ್ಲಿ ನಿಂತು ಕ್ಯಾಮೆರಾಕ್ಕೆ ಮುಖ ತೋರಿಸಿದೆ. 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು ಮತ್ತು ವಾರಾಣಸಿಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನಮ್ಮ ವಿವರಗಳು ನಮ್ಮ ಫೋನಿನಲ್ಲೇ ಉಳಿಯುತ್ತವೆಂದೂ ನಿಲ್ದಾಣಕ್ಕೆ ಹೋದದ್ದನ್ನು 24 ಗಂಟೆಯೊಳಗೆ ಅಳಿಸುತ್ತಾರೆಂದೂ ಹೇಳುತ್ತಾರೆ. ನಾನು ಅದನ್ನು ಓದಿ ಒಪ್ಪಿದವಳಲ್ಲ, ಸಾಲು ಚಿಕ್ಕದಾಗಿತ್ತೆಂದು ಒಪ್ಪಿದವಳು. ಫೋನಿಲ್ಲದ ಅಮ್ಮ ಆಧಾರ್ ಚೀಟಿಯನ್ನು ಕೈಯಲ್ಲಿ ಹಿಡಿದು ಉದ್ದನೆಯ ಸಾಲಿನಲ್ಲಿ ಬಂದಳು. ಅವಳ ಗುಟ್ಟಿಗಾಗಿ ರಾತ್ರಿಯಿಡೀ ನಿದ್ದೆಗೆಟ್ಟ ನನಗೆ ನನ್ನ ಮುಖದ ಬಗ್ಗೆ ಎರಡು ನಿಮಿಷದ ಯೋಚನೆಯೂ ಬಂದಿರಲಿಲ್ಲ.

ತಪಾಸಣೆಯಲ್ಲಿ ಪಿನ್ನುಗಳು ಕೂಗಿದವು. ನಾನು ಪರದೆಯ ಹೊರಗೆ ನಿಂತಿದ್ದೆ, ಒಳಗೆ ಏನಾಗುತ್ತಿದೆಯೆಂದು ಕಾಣುತ್ತಿರಲಿಲ್ಲ. ಸಮವಸ್ತ್ರದ ಹುಡುಗಿಯೊಬ್ಬಳು ಹೊರಗೆ ಬಂದು ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ಪಕ್ಕದ ಯಂತ್ರದೊಳಗಿಟ್ಟು, ಅದು ಸರಿಯೆಂದು ತೋರಿಸಿದ ಮೇಲೆ ಮರಳಿ ಹೋದಳು. ಸ್ಫೋಟಕವನ್ನು ಮುಟ್ಟಿದ ಕೈ, ಬಟ್ಟೆಗಳ ಮೇಲೆ ಉಳಿಯುವ ಕಣ್ಣಿಗೆ ಕಾಣದಷ್ಟು ಕಣಗಳನ್ನೂ ಆ ಯಂತ್ರ ಗುರುತಿಸುತ್ತದೆ. ಅಮ್ಮ ಸೆರಗು ಸರಿಮಾಡಿಕೊಂಡು ಹೊರಬಂದಾಗ ಅವಳ ಮುಖದಲ್ಲಿ ನಾನು ಹುಡುಕುತ್ತಿದ್ದ ಅವಮಾನದ ಸುಳಿವೇ ಇರಲಿಲ್ಲ. "ಆ ಮಗೂಗೆ ಕನ್ನಡ ಬರಲ್ಲ. ನಾನು ಕೈಲಿ ತೋರಿಸ್ದೆ, ಅವಳು ತಲೆ ಆಡಿಸಿದ್ಲು. ಪಿನ್ನು ಅವಳೇ ವಾಪಸ್ಸು ಹಾಕಿಕೊಟ್ಲು" ಎಂದಳು. ನಾಲ್ಕು ವರ್ಷ ಎದುರುಮನೆಯ ಅಕ್ಕನಿಗೆ ಹೇಳದಿದ್ದುದನ್ನು, ಹೆಸರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಹುಡುಗಿಗೆ ಅವಳು ಒಂದೇ ನಿಮಿಷದಲ್ಲಿ ಹೇಳಿಬಿಟ್ಟಿದ್ದಳು.

ಯಾತ್ರೆಯ ಬಸ್ಸುಗಳಲ್ಲಿ ಕುಳಿತು ನಾನು ಇದನ್ನೇ ಯೋಚಿಸುತ್ತಿದ್ದೆ. ಅಮ್ಮನನ್ನು ಮುಟ್ಟಬೇಡಿ ಎಂದು ಹೇಳುವ ಹಕ್ಕು ನನಗಿದೆಯೇ? 2009ರ ಡಿಸೆಂಬರ್ 25ರಂದು ಆಮ್‌ಸ್ಟರ್‌ಡ್ಯಾಮಿನಿಂದ ಡೆಟ್ರಾಯಿಟ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬನು ಸ್ಫೋಟಕವನ್ನು ಒಳ ಉಡುಪಿಗೇ ಹೊಲಿದುಕೊಂಡು ಕುಳಿತಿದ್ದ. ಅದು ಸರಿಯಾಗಿ ಸಿಡಿಯದೆ ಹೋದದ್ದರಿಂದ ವಿಮಾನ ಉಳಿಯಿತು. ಲೋಹವನ್ನಷ್ಟೇ ಹುಡುಕುವ ಯಂತ್ರಕ್ಕೆ ಅದು ಸಿಕ್ಕಿರಲಿಲ್ಲ. ಅಂದರೆ ಮೈಗೆ ಅಂಟಿಕೊಂಡ, ಬಟ್ಟೆಯಲ್ಲಿ ಹೊಲಿದ, ಪುಡಿಯಂಥ, ಕಾಳಿನಂಥ ವಸ್ತುವೇ ತಪಾಸಣೆಯವರು ನಿಜವಾಗಿ ಹುಡುಕಬೇಕಾದದ್ದು. ಅಮ್ಮನ ರಾಗಿ ಚೀಲ ಆ ವಿವರಣೆಗೆ ಅಕ್ಷರಶಃ ಹೊಂದುತ್ತದೆ. ಆ ಘಟನೆಯ ನಂತರ ದೇಹವನ್ನೆಲ್ಲ ಶೋಧಿಸುವ ಸ್ಕ್ಯಾನರ್‌ಗಳು ಹಲವು ದೇಶಗಳಲ್ಲಿ ಬಂದವು. ಅಮೆರಿಕದ ಮೊದಲಿನ ಯಂತ್ರಗಳು ಪ್ರಯಾಣಿಕರ ಮೈಯ ಆಕಾರವನ್ನು ಬೇರೊಂದು ಕೋಣೆಯಲ್ಲಿ ಕುಳಿತವರಿಗೆ ಹೆಚ್ಚುಕಡಿಮೆ ಬತ್ತಲೆಯಾಗಿಯೇ ತೋರಿಸುತ್ತಿದ್ದವು. ಜನರು ಸಿಟ್ಟಾದ ಮೇಲೆ, ಎಲ್ಲರಿಗೂ ಒಂದೇ ಗೊಂಬೆಯ ಚಿತ್ರ ತೋರಿಸಿ ಅನುಮಾನವಿರುವ ಜಾಗದಲ್ಲಿ ಮಾತ್ರ ಗುರುತು ಹಾಕುವ ತಂತ್ರಾಂಶ ಬಂತು. ಅದಕ್ಕೆ ಒಗ್ಗದ ಎಕ್ಸ್‌ರೇ ಮಾದರಿಯ ಯಂತ್ರಗಳನ್ನು 2013ರಲ್ಲಿ ಅಲ್ಲಿನ ನಿಲ್ದಾಣಗಳಿಂದ ತೆಗೆದರು. ಕೇಳಲು ಇದು ಒಳ್ಳೆಯ ಪರಿಹಾರ. ಆದರೆ ಆ ಗೊಂಬೆಗೆ ಎರಡು ಕೈ, ಎರಡು ಕಾಲು, ಎರಡು ಸ್ತನಗಳಿರುವವರೇ ಮಾದರಿ. ಅಮ್ಮ ಅದರೊಳಗೆ ನಿಂತರೆ ಎಡ ಎದೆಯ ಮೇಲೆ ಗುರುತು ಬೀಳುತ್ತದೆ, ಮತ್ತೆ ಕೈ ಬರುತ್ತದೆ. ನಟಿ ಮತ್ತು ನೃತ್ಯಗಾತಿ ಸುಧಾ ಚಂದ್ರನ್ ಅವರು 2021ರಲ್ಲಿ, ಪ್ರತಿ ಸಲವೂ ಕೃತಕ ಕಾಲನ್ನು ಬಿಚ್ಚಿ ತೋರಿಸಬೇಕಾಗುವುದರ ನೋವನ್ನು ಪ್ರಧಾನಿಗೆ ವಿಡಿಯೋದಲ್ಲಿ ಹೇಳಿಕೊಂಡಾಗ ಭದ್ರತಾ ಪಡೆಯವರು ಕ್ಷಮೆ ಕೇಳಿದ್ದರು. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಅದರ ಹೊರೆ ಮೈ ಊನಗೊಂಡವರ ಮೇಲೆಯೇ ಮತ್ತೆ ಮತ್ತೆ ಬೀಳುತ್ತದೆ.

ಮರಳುವಾಗ ನಾವು ವಿಮಾನ ಹತ್ತಿದ್ದು ಉತ್ತರದ ಒಂದು ನಿಲ್ದಾಣದಲ್ಲಿ. ಅದರ ಹೆಸರು ಇಲ್ಲಿ ಬೇಡ. ಹಬ್ಬದ ಜನಜಂಗುಳಿ, ಹೆಂಗಸರ ಸಾಲು ಕಂಬಗಳನ್ನು ಸುತ್ತಿಕೊಂಡು ನಿಂತಿತ್ತು. ನಮ್ಮ ಗುಂಪಿನವರೆಲ್ಲ ಹಿಂದುಮುಂದಾಗಿ ಅಲ್ಲೇ ಇದ್ದರು. ಅಮ್ಮ ಪರದೆಯೊಳಗೆ ಹೋದ ಸ್ವಲ್ಪ ಹೊತ್ತಿಗೆ ತಪಾಸಣೆಯ ಹೆಂಗಸು ಪರದೆಯನ್ನು ಅರ್ಧ ತೆರೆದಿಟ್ಟೇ ಹೊರಬಂದು, ಆಚೆ ತುದಿಯಲ್ಲಿದ್ದ ಸಹೋದ್ಯೋಗಿಗೆ ಕೇಳಿಸುವಂತೆ, ಇವಳ ಎದೆಯಲ್ಲಿ ಏನನ್ನೋ ಇಟ್ಟುಕೊಂಡಿದ್ದಾಳೆ, ಕಾಳಿನ ಹಾಗಿದೆ ಎಂದು ಹಿಂದಿಯಲ್ಲಿ ಕೂಗಿದಳು. ತೆರೆದ ಸಂದಿನಲ್ಲಿ ಅಮ್ಮ ಸೆರಗನ್ನು ಎರಡೂ ಕೈಗಳಿಂದ ಎದೆಗವಚಿಕೊಂಡು ನಿಂತಿದ್ದುದು ಕಂಡಿತು. ನನ್ನ ತಲೆಗೆ ರಕ್ತ ಏರಿತು. ನಾನು ಇಂಗ್ಲಿಷಿನಲ್ಲಿ ಒಂದೆರಡು ಮಾತು ಜೋರಾಗಿ ಆಡಿದೆ. ಅಷ್ಟರಲ್ಲಿ ಎದುರುಮನೆಯ ಅಕ್ಕ ಹಿಂದಿನಿಂದ "ಏನಾಯ್ತಮ್ಮ, ಯಾಕೆ ಹಿಡ್ಕೊಂಡವ್ರೆ?" ಎಂದು ಕೇಳಿದರು. ನಾನು ತಿರುಗಿ, ಇಡೀ ಸಾಲಿಗೆ ಕೇಳುವ ಹಾಗೆ, ಕ್ಯಾನ್ಸರ್ ಆಗಿ ಎದೆ ತೆಗೆಸಿಕೊಂಡ ಹೆಂಗಸನ್ನು ಇವರು ಹೀಗೆ ನಡೆಸಿಕೊಳ್ಳುತ್ತಾರೆ ನೋಡಿ ಎಂದು ಅಚ್ಚಗನ್ನಡದಲ್ಲಿ ಅರಚಿದೆ.

ಮುಂದಿನದು ಬೇಗ ಮುಗಿಯಿತು. ಹಿರಿಯ ಅಧಿಕಾರಿಯೊಬ್ಬರು, ಅವರೂ ಹೆಂಗಸೇ, ಬಂದು ಅಮ್ಮನನ್ನು ಬಾಗಿಲಿರುವ ಕೋಣೆಗೆ ಕರೆದೊಯ್ದು, ನನ್ನನ್ನೂ ಜೊತೆಗೆ ಬಿಟ್ಟು, ಪಟ್ಟಿಯಿಂದ ಒರೆಸಿ ಪರೀಕ್ಷಿಸಿ, ಕೈಮುಗಿದು ಕಳಿಸಿದರು. ದೂರು ಬರೆಯುವ ಪುಸ್ತಕ ಎಲ್ಲಿದೆಯೆಂದು ನಾನು ಕೇಳುತ್ತಿದ್ದಾಗ ಅಮ್ಮ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟಳು. ವಿಮಾನ ಮೇಲೇರಿ, ಗಗನಸಖಿ ನೀರು ಕೊಟ್ಟು ಹೋಗುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿಯೇ ಹೇಳಿದಳು: "ಅವಳು ಕೂಗಿದ್ದು ಹಿಂದೀಲಿ. ನಮ್ಮೋರಿಗೆ ಯಾರಿಗೂ ಅರ್ಥ ಆಗಿರ್ಲಿಲ್ಲ."

ನಾನು ಚಿಕ್ಕಬಳ್ಳಾಪುರದ ಬ್ಯಾಂಕೊಂದರ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಗಂಡ ಇದ್ದಾನೆಯೇ, ನಾಮಿನಿ ಯಾರು, ಸಾಲದ ಕಂತು ಯಾಕೆ ಕಟ್ಟಿಲ್ಲ ಎಂದು ಗಾಜಿನ ಆಚೆ ನಿಂತ ಹೆಂಗಸರನ್ನು ದಿನಕ್ಕೆ ಹತ್ತು ಸಲವಾದರೂ ಹಿಂದಿನ ಸಾಲಿಗೆ ಕೇಳಿಸುವ ದನಿಯಲ್ಲೇ ಕೇಳಿದ್ದೇನೆ. ಅದಕ್ಕೂ ನಿಯಮವಿದೆ, ಕಾರಣವಿದೆ. ದನಿಯನ್ನು ಎತ್ತರಿಸಬೇಕೆಂದು ಮಾತ್ರ ಯಾವ ಸುತ್ತೋಲೆಯೂ ನನಗೆ ಹೇಳಿರಲಿಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಹೇಳಿದ ಪ್ರಕರಣಕ್ಕೆ ಅರ್ಜಿದಾರರಾಗಿದ್ದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕಿಗೂ ಮಿತಿಯುಂಟು, ಆದರೆ ಅದನ್ನು ಮೊಟಕುಗೊಳಿಸಲು ಕಾನೂನು ಇರಬೇಕು, ತಕ್ಕ ಉದ್ದೇಶವಿರಬೇಕು, ಮೊಟಕುಗೊಳಿಸುವುದು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು ಎಂಬುದು ಆ ತೀರ್ಪಿನ ಸಾರ. ಬೇಕಾದಷ್ಟೇ ಎಂಬ ಮಾತಿಗೆ ದೇವನಹಳ್ಳಿಯ ಆ ಹುಡುಗಿಯ ಮುಚ್ಚಿದ ಪರದೆಯೇ ನನಗೆ ಸಿಕ್ಕ ಅತ್ಯುತ್ತಮ ವ್ಯಾಖ್ಯಾನ. ಅರ್ಧ ತೆರೆದ ಪರದೆಯಿಂದ ವಿಮಾನದ ಭದ್ರತೆ ಒಂದು ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ನನ್ನ ಅರಚಾಟದಿಂದ ಅಮ್ಮನ ಮಾನವೂ ಉಳಿಯಲಿಲ್ಲ.

ಊರಿಗೆ ಬಂದ ಮೇಲೆ ಬೀದಿಯವರು ಒಬ್ಬೊಬ್ಬರಾಗಿ ಬಂದರು. ಎಳನೀರು ತಂದವರು, ನಾಟಿ ವೈದ್ಯರ ವಿಳಾಸ ತಂದವರು, "ನಮಗೆ ಒಂದು ಮಾತು ಹೇಳಬಾರದಿತ್ತಾ" ಎಂದು ಕಣ್ಣೊರೆಸಿಕೊಂಡವರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು, ಯಾರ ಮಾತಿಗೂ ಎದುರಾಡಲಿಲ್ಲ. ಎದುರುಮನೆಯ ಅಕ್ಕ ಮಾತ್ರ ಆ ವಿಷಯವನ್ನು ಎತ್ತಲೇ ಇಲ್ಲ. ಹಿಂದಿನ ಹಾಗೆಯೇ ಬಂದು ಹೂ ಕಟ್ಟುತ್ತಾ ಕುಳಿತು ಹೋಗುತ್ತಾರೆ.

ಈ ಬೇಸಿಗೆಯಲ್ಲಿ ಅಣ್ಣನ ಮನೆಗೆ ಪುಣೆಗೆ ಹೋಗುವ ಮಾತು ಬಂದಾಗ, ಅಮೆರಿಕದಲ್ಲಿ ಇಂಥ ಪ್ರಯಾಣಿಕರು ತಪಾಸಣೆಯವರಿಗೆ ಸದ್ದಿಲ್ಲದೆ ತೋರಿಸಲೆಂದೇ ಒಂದು ಚೀಟಿಯ ನಮೂನೆ ಇದೆಯೆಂದು ಅಮ್ಮನಿಗೆ ಹೇಳಿದೆ. "ಅಂಥದ್ದೊಂದು ಬರೆದುಕೊಡು. ಇನ್ನೊಂದು ಸಲ ನೀನು ಬಾಯಿ ಬಿಡಬೇಡ" ಎಂದಳು. ನಾನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಬರೆದೆ: ಕಾಯಿಲೆಯ ಹೆಸರು, ಆಪರೇಷನ್ ಆದ ವರ್ಷ, ಚೀಲದಲ್ಲಿ ರಾಗಿ ಮತ್ತು ಹತ್ತಿ ಇರುವುದು, ಮುಚ್ಚಿದ ಕೋಣೆಯಲ್ಲಿ ನೋಡಿರೆಂಬ ಕೋರಿಕೆ. ಏನು ಬರೆದಿದ್ದೀಯೆಂದು ಅಮ್ಮ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡಳು. ಮೊದಲ ಸಾಲಿಗೇ ಕೈ ಅಡ್ಡ ಹಿಡಿದಳು.

"ಕಾಯಿಲೆ ಹೆಸರು ಅವರಿಗ್ಯಾಕೆ? ಆಪರೇಷನ್ ಆಗೈತೆ ಅಂತ ಬರಿ, ಸಾಕು. ವರ್ಷಾನೂ ಬೇಡ."

ಎರಡನ್ನೂ ಹೊಡೆದುಹಾಕಿ ಬೇರೆ ಕಾಗದದಲ್ಲಿ ಬರೆದುಕೊಟ್ಟೆ. ಅದನ್ನು ನಾಲ್ಕಾಗಿ ಮಡಿಸಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು. ಹಳೆಯ ಕಾಗದವನ್ನು ಒಲೆಗೆ ಹಾಕಿದಳು.